ನೀರಿನ ಟ್ಯಾಂಕಿನೊಳಗೆ ಚಿತ್ರಶಾಲೆ

ಜೀವನ್ ಬಿಮಾ ನಗರದಲ್ಲಿ ಆಯಾ ದಿನದ ಕಲಾಪ್ರದರ್ಶನ ಬೆಳಗಿನ ಆರೂವರೆಗೇ ತೆರೆದಿರುತ್ತದೆ. ಎಲ್‌ಐಸಿ ನೌಕರರ ವಸತಿಯಿಂದ ಹೆಸರು ಪಡೆದ ಬಡಾವಣೆ ಇದು. ಗೇಟಿನ ಮುಂದೆ ನೀರು ಚಿಮುಕಿಸಿ, ಚುಕ್ಕಿಯಿಟ್ಟು, ಎಳೆ ಬಿಡುವ ಹೆಂಗಸರು ಎದ್ದು ಒಳಗೆ ಹೋಗುವಷ್ಟರಲ್ಲಿ ಹಾಲಿನವನ ಸೈಕಲ್ಲು ಒಂದು ಮೂಲೆ ಅಳಿಸಿರುತ್ತದೆ. ಎಂಟಕ್ಕೆ ಶಾಲಾ ವ್ಯಾನು, ಒಂಬತ್ತಕ್ಕೆ ಗ್ಯಾಸ್ ಸಿಲಿಂಡರಿನ ಆಟೊ. ಹತ್ತರ ಹೊತ್ತಿಗೆ ರಸ್ತೆ ಮತ್ತೆ ಬರೀ ರಸ್ತೆ.

ಹೊತ್ತು ಕಳೆದರೂ ಅಳಿಯದ ಚಿತ್ರ ನೋಡಬೇಕೆಂದರೆ ಬಡಾವಣೆ ದಾಟಲೇಬೇಕು. ಪಕ್ಕದ ಎಚ್‌ಎಎಲ್‌ನವರ ಮ್ಯೂಸಿಯಂ ಇದೆ, ಆದರೆ ಅಲ್ಲಿರುವುದು ವಿಮಾನಗಳು. ಚಿತ್ರಕ್ಕಾಗಿ ಆಟೊ ಹಿಡಿದು ಇಂದಿರಾನಗರದ ಮೆಟ್ರೊ ನಿಲ್ದಾಣಕ್ಕೆ ಬರಬೇಕು. ಹಲಸೂರು, ಟ್ರಿನಿಟಿ, ಎಂ.ಜಿ. ರಸ್ತೆ ದಾಟಿ ಕಬ್ಬನ್ ಪಾರ್ಕಿನಲ್ಲಿ ಇಳಿದರೆ ಮುಂದಿನದು ಕಸ್ತೂರಬಾ ರಸ್ತೆ. ಬೆಂಗಳೂರಿನಲ್ಲಿ ಇಷ್ಟು ಮ್ಯೂಸಿಯಂಗಳು ಒತ್ತಿಕೊಂಡು ನಿಂತ ರಸ್ತೆ ಇನ್ನೊಂದಿಲ್ಲ.

ಮೊದಲಿಗೆ ಕಣ್ಣಿಗೆ ಬೀಳುವುದು ಮಕ್ಕಳ ಸಾಲು. ಸಮವಸ್ತ್ರ, ಹೆಗಲಲ್ಲಿ ನೀರಿನ ಬಾಟಲಿ, ಮುಂದೊಬ್ಬರು ಹಿಂದೊಬ್ಬರು ಮೇಷ್ಟ್ರು. ಆ ಸಾಲು ಸೀದಾ ಸೇರುವುದು ವಿಶ್ವೇಶ್ವರಯ್ಯ ಮ್ಯೂಸಿಯಂಗೆ. ಅಲ್ಲಿ ಒತ್ತುವ ಗುಂಡಿಗಳಿವೆ, ತಿರುಗುವ ಚಕ್ರಗಳಿವೆ, ತಪ್ಪೇನಿಲ್ಲ. ಆದರೆ ಕೂಗಳತೆಯಲ್ಲೇ ಇರುವ ವೆಂಕಟಪ್ಪ ಆರ್ಟ್ ಗ್ಯಾಲರಿಯ ಕಡೆ ಅದೇ ಸಾಲು ತಿರುಗುವುದು ಅಪರೂಪ. ಯಂತ್ರ ಮಕ್ಕಳಿಗೆ ಅರ್ಥವಾಗುತ್ತದೆ, ಚಿತ್ರ ಅರ್ಥವಾಗುವುದಿಲ್ಲ ಎಂದು ದೊಡ್ಡವರು ಯಾವತ್ತೋ ತೀರ್ಮಾನಿಸಿಬಿಟ್ಟಿದ್ದಾರೆ. ದೊಡ್ಡವರ ಅಂಜಿಕೆ ಮಕ್ಕಳ ತಲೆಗೆ ಕಟ್ಟಿದ್ದು, ಅಷ್ಟೆ.

ಆ ಸಾಲಿನ ಯಾವ ಮಗುವನ್ನಾದರೂ ಸರ್ಕಾರಿ ವಸ್ತುಸಂಗ್ರಹಾಲಯದ ಆತಕೂರು ಕಲ್ಲಿನ ಮುಂದೆ ನಿಲ್ಲಿಸಿ ನೋಡಬೇಕು. 1865ರಲ್ಲಿ ಎಡ್ವರ್ಡ್ ಬಾಲ್ಫರ್ ಎಂಬ ವೈದ್ಯನ ಉತ್ಸಾಹದಿಂದ ದಂಡಿನ ಪ್ರದೇಶದಲ್ಲಿ ಹುಟ್ಟಿ, ಆಮೇಲೆ ಈ ಕೆಂಪು ಕಟ್ಟಡಕ್ಕೆ ಬಂದ ಸಂಸ್ಥೆ ಇದು. ಆತಕೂರು ಕಲ್ಲಿನಲ್ಲಿ ಒಂದು ನಾಯಿ, ಒಂದು ಹಂದಿ ಎದುರುಬದುರು ಮೈಮೇಲೆ ಬಿದ್ದಿವೆ. ನಾಯಿಯ ಹೆಸರು ಕಾಳಿ. ತಕ್ಕೋಲದ ಯುದ್ಧದಲ್ಲಿ ಮೆರೆದ ಮಣಲೆರನಿಗೆ ಏನು ಬೇಕೆಂದು ಗಂಗರ ಬೂತುಗ ಕೇಳಿದಾಗ, ಅವನು ಊರು ಕೇಳಲಿಲ್ಲ, ಚಿನ್ನ ಕೇಳಲಿಲ್ಲ. ಈ ಬೇಟೆನಾಯಿಯನ್ನು ಕೇಳಿದ. ಮುಂದೆ ಅದು ಹಂದಿಯೊಂದರ ಜೊತೆ ಕಾದಾಡಿ, ಎರಡೂ ಸತ್ತವು. ನಾಯಿಗಾಗಿ ಕಲ್ಲು ನೆಟ್ಟರು, ದತ್ತಿ ಬಿಟ್ಟರು. ಹತ್ತನೆಯ ಶತಮಾನದ ಈ ಸಂಗತಿಗೆ ವ್ಯಾಖ್ಯಾನ ಬೇಕೇ? ಮನೆಯಲ್ಲಿ ನಾಯಿ ಸಾಕಿದ ಮಗು ತಾನೇ ಹತ್ತು ಪ್ರಶ್ನೆ ಕೇಳುತ್ತದೆ.

ರಸ್ತೆಯ ಎದುರು ಬದಿಗೆ ದಾಟಿದರೆ (ದಾಟುವುದು ಸುಲಭವಲ್ಲ ಅನ್ನುವುದು ಬೇರೆ ಮಾತು) ಉಕ್ಕಿನ ತಗಡು ಹೊದ್ದ ಕಟ್ಟಡವೊಂದಿದೆ. ಒತ್ತಿ ಮೂಡಿಸಿದ ಗುಣಾಕಾರದ ಚಿಹ್ನೆಯಂಥ ಗೆರೆಗಳು ಮೈತುಂಬಾ. ರೈಲ್ವೆ ನಿಲ್ದಾಣಗಳ ಬದಿಯಲ್ಲಿ ಕಂಬಗಳ ಮೇಲೆ ಕೂತಿರುತ್ತಿದ್ದ ಕಬ್ಬಿಣದ ನೀರಿನ ಟ್ಯಾಂಕು ನೆನಪಾದರೆ ಅದು ಆಕಸ್ಮಿಕವಲ್ಲ. ಮ್ಯಾಥ್ಯೂ ಆ್ಯಂಡ್ ಘೋಷ್ ವಾಸ್ತುಶಿಲ್ಪಿಗಳು ಆ ಟ್ಯಾಂಕನ್ನೇ ಮನಸ್ಸಿನಲ್ಲಿಟ್ಟು ಕಟ್ಟಿದ್ದು. ಇದು ಮ್ಯೂಸಿಯಂ ಆಫ್ ಆರ್ಟ್ ಆ್ಯಂಡ್ ಫೋಟೊಗ್ರಫಿ, ಬಾಯಿಮಾತಿನಲ್ಲಿ ಮ್ಯಾಪ್. ಅಭಿಷೇಕ್ ಪೊದ್ದಾರ್ ಕಟ್ಟಿದ ಖಾಸಗಿ ಸಂಗ್ರಹಾಲಯ. ಕೋವಿಡ್ ಕಾಲದಲ್ಲಿ, 2020ರ ಕೊನೆಗೆ ಪರದೆಯ ಮೇಲೆ ತೆರೆದುಕೊಂಡಿತು. ಬಾಗಿಲು ತೆರೆದದ್ದು 2023ರ ಫೆಬ್ರುವರಿಯಲ್ಲಿ.

ಒಳಗೆ ಕಾಲಿಟ್ಟವರಿಗೆ ಮೊದಲ ಅಚ್ಚರಿ, ಇಲ್ಲಿ ಕಲೆ ಅಂದರೆ ಬರೀ ತೈಲಚಿತ್ರವಲ್ಲ. ಹಳೆಯ ಸಿನಿಮಾ ಪೋಸ್ಟರು ಇದೆ, ರವಿವರ್ಮನ ಚಿತ್ರಗಳ ಅಚ್ಚು ಪ್ರತಿಗಳಿವೆ. ಅಜ್ಜಿಯರು ದೇವರಮನೆಯ ಗೋಡೆಗೆ ತೂಗುಹಾಕಿ ಅರಿಶಿನ ಕುಂಕುಮ ಹಚ್ಚಿ ಹಚ್ಚಿ ಗಾಜು ಮಬ್ಬಾಗಿಸಿದ ಅದೇ ಲಕ್ಷ್ಮಿ, ಅದೇ ಸರಸ್ವತಿ. ‘ಟಿಕೆಟ್ ಟೀಕಾ ಛಾಪ್’ ಎಂಬ ಪ್ರದರ್ಶನವೊಂದನ್ನು ಬಟ್ಟೆಯ ಥಾನಿಗೆ ಅಂಟಿಸುತ್ತಿದ್ದ ಚೀಟಿಗಳಿಂದಲೇ ಕಟ್ಟಿದ್ದರು. ಮ್ಯಾಂಚೆಸ್ಟರಿನ ಗಿರಣಿ ಬಟ್ಟೆ ನಮ್ಮ ಪೇಟೆಗೆ ಬರುವಾಗ ಓದು ಬಾರದ ಗಿರಾಕಿಗೆ ಗುರುತು ಸಿಗಲೆಂದು ಹಚ್ಚುತ್ತಿದ್ದ ಅಂಗೈಯಗಲದ ಬಣ್ಣದ ಚೀಟಿಗಳವು: ಕೃಷ್ಣ, ಹುಲಿ, ಆನೆ, ಶೃಂಗರಿಸಿಕೊಂಡ ಹೆಣ್ಣು. ಚಿನ್ನದ ಬಣ್ಣದ ಅಂಚು. ಥಾನು ಬಿಚ್ಚಿದ ಮೇಲೆ ಕಿತ್ತು ಎಸೆಯಬೇಕಾದದ್ದನ್ನು ಯಾರೋ ಎತ್ತಿಟ್ಟರು, ಆ ಪ್ರದರ್ಶನದಲ್ಲಿ ಅದು ಗಾಜಿನ ಹಿಂದೆ ಕೂತಿತ್ತು. ‘ನಮಗೆ ಕಲೆ ತಿಳಿಯುವುದಿಲ್ಲ’ ಎಂದು ಬಾಗಿಲಲ್ಲೇ ಹಿಂಜರಿಯುವವರಿಗೆ ಇದಕ್ಕಿಂತ ಒಳ್ಳೆಯ ಸ್ವಾಗತ ನಾನು ಕಾಣೆ.

ಗೇಟಿನ ರಂಗೋಲಿಗೂ ಇಲ್ಲಿ ಜಾಗವಿದೆ. ಬರೋಡಾದ ಕಲಾವಿದ ಜ್ಯೋತಿ ಭಟ್ ಅರುವತ್ತರ ದಶಕದ ಕೊನೆಯಿಂದ ಹಳ್ಳಿಹಳ್ಳಿ ಸುತ್ತಿ ಗೋಡೆಯ ಚಿತ್ತಾರ, ನೆಲದ ರಂಗೋಲಿ, ಹಚ್ಚೆಗಳ ಫೋಟೊ ತೆಗೆದರು. ಮ್ಯಾಪ್ ಉದ್ಘಾಟನೆಯ ಪ್ರದರ್ಶನಗಳಲ್ಲಿ ಒಂದು ಅವರ ಚಿತ್ರಗಳದೇ. ಗೆರೆ ಎಳೆದ ಹೆಂಗಸು ಎಷ್ಟೋ ಸಲ ಗೆರೆಯ ಪಕ್ಕದಲ್ಲೇ ಕೂತಿರುತ್ತಾಳೆ. ಹೀಗೆ ಸಹಿ ಇಲ್ಲದ ಕಲೆಗೆ ಮುಖವೊಂದು ಸಿಕ್ಕಿದೆ. ಅದೇ ಹೊತ್ತಿಗೆ ಕುಂದಾಪುರ ಕಡೆಯ ಎಲ್.ಎನ್. ತಲ್ಲೂರ್ ಅವರ ಶಿಲ್ಪಗಳೂ ಅಲ್ಲಿದ್ದವು.

ಕಲಿಸುವ ಕೆಲಸವನ್ನು ಈ ಮ್ಯೂಸಿಯಂ ಗಂಭೀರವಾಗಿಯೇ ತೆಗೆದುಕೊಂಡಿದೆ. 2022ರಲ್ಲಿ ಶುರುವಾದ ಮ್ಯಾಪ್ ಅಕಾಡೆಮಿ ದಕ್ಷಿಣ ಏಷ್ಯಾದ ಕಲೆಯ ವಿಶ್ವಕೋಶವೊಂದನ್ನು ಯಾರು ಬೇಕಾದರೂ ಹಣ ಕೊಡದೆ ಓದುವಂತೆ ಇಟ್ಟಿದೆ. ಕಣ್ಣು ಕಾಣದವರು ಬೆರಳಾಡಿಸಿ ನೋಡಲೆಂದು ಕೆಲವು ಕೃತಿಗಳ ಉಬ್ಬು ಪ್ರತಿಗಳಿವೆ, ಜೊತೆಗೆ ಬ್ರೈಲ್. ಕಣ್ಣಿದ್ದವರೂ ಒಮ್ಮೆ ಕಣ್ಣು ಮುಚ್ಚಿ ಮುಟ್ಟಿ ನೋಡಬೇಕಾದವು. ‘ಮುಟ್ಟಬೇಡಿ’ ಫಲಕ ಓದಿ ಓದಿ ಬೆಳೆದ ನಮಗೆ ಆ ಅನುಮತಿಯೇ ಒಂದು ಹಬ್ಬ. ಎಂ.ಎಫ್. ಹುಸೇನರ ಡಿಜಿಟಲ್ ರೂಪವೊಂದನ್ನೂ ತಯಾರಿಸಿದ್ದಾರೆ. ಪ್ರಶ್ನೆ ಕೇಳಿದರೆ ಉತ್ತರ ಕೊಡುತ್ತದೆ. ಚಮತ್ಕಾರವೇನೋ ಹೌದು. ಆದರೆ ಮಗುವಿನ ಪಕ್ಕ ಮೊಣಕಾಲೂರಿ ಕೂತು ‘ಈ ಆನೆ ಯಾಕೆ ಇಷ್ಟು ಸಣ್ಣದು?’ ಎಂದು ಕನ್ನಡದಲ್ಲಿ ಕೇಳುವ ಒಬ್ಬರು ಸಿಕ್ಕರೆ ನನಗೆ ಹುಸೇನರ ನೆರಳು ಬೇಡ.

ಎದುರು ಬದಿಯ ವೆಂಕಟಪ್ಪನವರ ವಿಷಯಕ್ಕೆ ಬಂದರೆ ಸ್ವಲ್ಪ ಸಂಕಟ. ಮೈಸೂರಿನ ಚಿತ್ರಗಾರರ ಮನೆತನದಲ್ಲಿ 1886ರಲ್ಲಿ ಹುಟ್ಟಿ, ಕಲ್ಕತ್ತೆಯಲ್ಲಿ ಅವನೀಂದ್ರನಾಥ ಠಾಕೂರರ ಶಿಷ್ಯರಾಗಿ, ಅಜಂತೆಯ ಚಿತ್ರಗಳ ಪ್ರತಿ ಮಾಡಲು ಹೋದ ತಂಡದಲ್ಲಿ ನಂದಲಾಲ್ ಬೋಸರ ಜೊತೆಗಿದ್ದವರು. ಊರಿಗೆ ಮರಳಿ ವೀಣೆ ಶೇಷಣ್ಣನವರಲ್ಲಿ ವೀಣೆ ಕಲಿತರು, ಕುಂಚವನ್ನೇ ಮರೆಯುವಷ್ಟು. ಅವರ ಊಟಿಯ ಜಲವರ್ಣಗಳ ಮುಂದೆ ಮುಖ ಹತ್ತಿರ ತಂದು ನಿಂತರೆ ಕುಂಚದ ಗುರುತೇ ಸಿಗದು. ಹುಲ್ಲು, ಮಂಜು, ನೀರಿನಲ್ಲಿ ಬಿದ್ದ ಬೆಟ್ಟ ಎಲ್ಲವೂ ಕಾಗದದೊಳಗಿಂದ ಒಸರಿದ ಹಾಗೆ. ಇಂಥ ಸಂಪತ್ತಿರುವ ಗ್ಯಾಲರಿಯನ್ನು ಸರ್ಕಾರ ಖಾಸಗಿ ಪ್ರತಿಷ್ಠಾನವೊಂದಕ್ಕೆ ದತ್ತು ಕೊಡಲು ಹೊರಟಾಗ, 2016ರಲ್ಲಿ ನಗರದ ಕಲಾವಿದರು ಬೀದಿಗಿಳಿದರು. ದತ್ತಿನ ಮಾತು ಬಿದ್ದುಹೋಯಿತು. ಆ ಪ್ರತಿಷ್ಠಾನದವರೇ ಆಮೇಲೆ ಇದೇ ರಸ್ತೆಯಲ್ಲಿ ಉಕ್ಕಿನ ಟ್ಯಾಂಕು ಎಬ್ಬಿಸಿದ್ದು.

ಕಲಾವಿದರು ಗೆದ್ದದ್ದು ನ್ಯಾಯವೇ ಅನ್ನಿಸುತ್ತದೆ; ಒಂದರ ಬದಲು ಎರಡು ಉಳಿದವು. ಆದರೆ ಉಳಿಸಿಕೊಂಡದ್ದಕ್ಕೆ ಜನ ಹೋಗಬೇಕಲ್ಲ? ಇಂದಿರಾನಗರದಿಂದ ನಾಲ್ಕೇ ನಿಲ್ದಾಣ. ಶನಿವಾರ ಹೊರಟರೆ ಬೆಳಿಗ್ಗೆ ಕಾಳಿ ನಾಯಿ, ಮಧ್ಯಾಹ್ನ ಉಕ್ಕಿನ ಟ್ಯಾಂಕು, ನಡುವೆ ಕಬ್ಬನ್ ಪಾರ್ಕಿನ ಬಿದಿರು ಮೆಳೆಯ ಕೆಳಗೆ ಬುತ್ತಿ. ಸೋಮವಾರ ಮಾತ್ರ ಬೇಡ, ಮ್ಯಾಪ್‌ಗೆ ರಜೆ.