ಮರಳು ಜರಡಿ ಹಿಡಿಯುವ ಮೀನನ್ನು ಮನೆಗೆ ತರುವ ಮುನ್ನ

ಗೋಬಿ ಮೀನು ಮರಳಿಗೆ ಮೂತಿಯಿಟ್ಟು ಬಾಯಿತುಂಬ ತುಂಬಿಕೊಳ್ಳುತ್ತದೆ. ತುಸು ಮೇಲೇರಿ ದವಡೆ ಆಡಿಸುತ್ತ ನಿಲ್ಲುತ್ತದೆ. ಎರಡೂ ಕಿವಿರುಗಳಿಂದ ಮರಳು ಹೊಗೆಯಂತೆ ಸುರಿದುಹೋಗುತ್ತದೆ. ಅದರೊಳಗಿದ್ದ ಹುಳುಗಳು, ಸೀಗಡಿಯ ಬಳಗದ ಪುಟ್ಟ ಜೀವಿಗಳು ಒಳಗೇ ಉಳಿಯುತ್ತವೆ. ಬೆಳಗಿನಿಂದ ಬೆಳಕು ಆರುವವರೆಗೂ ಅದಕ್ಕೆ ಇದೇ ಕೆಲಸ.

ದೊಡ್ಡ ಹವಳದ ಅಕ್ವೇರಿಯಂ ಇಟ್ಟವರಲ್ಲಿ ಬಹಳ ಜನ ಈ ಮೀನನ್ನು ಪೊರಕೆಯೆಂದು ತರುತ್ತಾರೆ. ತಳದ ಮರಳು ಕಂದಾಗಿದೆ, ಗುಡಿಸಲು ಯಾರಾದರೂ ಬೇಕು ಎಂಬುದು ಅವರ ಲೆಕ್ಕ. ಆದರೆ ಆ ಕಂದು ಪದರ ಹೆಚ್ಚಾಗಿ ಡಯಾಟಮ್ ಎಂಬ ಸೂಕ್ಷ್ಮ ಪಾಚಿಯದ್ದು. ನೀರಿನಲ್ಲಿ ಸಿಲಿಕೇಟು, ಪೋಷಕಾಂಶ ಹೆಚ್ಚಾದಾಗ ಬರುವಂಥದ್ದು. ಗೋಬಿ ಅದನ್ನು ಕದಡಿ ಮರೆಮಾಡಬಲ್ಲದು, ಅದರ ಮೂಲ ಕೀಳಲಾರದು. ಅದಕ್ಕೆ ಬೇಕಿರುವುದು ಮರಳೊಳಗಿನ ಜೀವ. ಹೊಸ ತೊಟ್ಟಿಯಲ್ಲಿ ಅದು ಇನ್ನೂ ಹುಟ್ಟಿರುವುದಿಲ್ಲ. ಹೀಗಾಗಿ ಮರಳು ಬೆಳ್ಳಗಾಗುತ್ತ ಬಂದಂತೆ ಮೀನಿನ ಹೊಟ್ಟೆ ಬೆನ್ನಿಗಂಟುತ್ತದೆ. ಮಾಲೀಕ ಮರಳು ನೋಡಿ ಸಂತೋಷಪಡುತ್ತಿರುವಾಗಲೇ ಮೀನು ಉಪವಾಸದಲ್ಲಿರುತ್ತದೆ. ನನಗೆ ಸಹಿಸಲಾಗದ್ದು ಇದೇ.

ಮರಳು ಸೋಸುವ ಗೋಬಿಗಳಲ್ಲಿ ಹೆಸರಾದದ್ದು ವ್ಯಾಲೆನ್ಸಿಯೆನ್ನಿಯಾ ಕುಲ. ಫ್ರಾನ್ಸಿನ ಪ್ರಾಣಿಶಾಸ್ತ್ರಜ್ಞ ಆಷಿಲ್ ವ್ಯಾಲೆನ್ಸಿಯೆನ್ ಅವರ ಹೆಸರು ಹೊತ್ತ ಕುಲವಿದು. ಇದರಲ್ಲಿ ಹಳದಿ ಮುಖ, ಕಣ್ಣಿನ ಕೆಳಗೆ ನೀಲಿ ಗೆರೆಯ ಸ್ಟ್ರಿಗಾಟಾ ನೋಡಲು ಬಲು ಚೆಂದ, 18 ಸೆಂಟಿಮೀಟರ್‌ವರೆಗೆ ಬೆಳೆಯುತ್ತದೆ. ಆದರೆ ಅದು ಬಾಯಿಯ ಮರಳನ್ನು ಎತ್ತರಕ್ಕೊಯ್ದು ಸುರಿಯುವುದರಿಂದ ಕೆಳಗಿನ ಹವಳಗಳ ಮೇಲೆ ಮರಳಿನ ಮಳೆಯಾಗುತ್ತದೆ. ಬಿಳಿ ಮೈಮೇಲೆ ಕಿತ್ತಳೆ ಚುಕ್ಕೆಯ ಡೈಮಂಡ್ ಗೋಬಿ ತಳಕ್ಕೆ ಹತ್ತಿರವೇ ಕೆಲಸ ಮಾಡುತ್ತದೆ. ದೊಡ್ಡ ತೊಟ್ಟಿಗೆ ನನ್ನ ಆಯ್ಕೆ ಅದು. ಬೇರೆ ಕುಲದ ಆಂಬ್ಲಿಗೋಬಿಯಸ್ ಫಲೇನಾ ಪಾಚಿಯನ್ನೂ ತಿನ್ನುವುದರಿಂದ ಹಸಿವಿಗೆ ಬೀಳುವ ಭಯ ಕಡಿಮೆ. ಎರಡು ಬೆನ್ನುರೆಕ್ಕೆಗಳ ಮೇಲೂ ಕಣ್ಣಿನಂಥ ಮಚ್ಚೆಯಿರುವ, 1977ರಲ್ಲಷ್ಟೇ ವಿಜ್ಞಾನದ ದಾಖಲೆಗೆ ಸೇರಿದ ಸಿಗ್ನಿಗೋಬಿಯಸ್ ಮಾತ್ರ ಬೇಡ. ತೊಟ್ಟಿಯಲ್ಲಿ ಅದು ಸೊರಗುವುದೇ ಹೆಚ್ಚು.

ವ್ಯಾಲೆನ್ಸಿಯೆನ್ನಿಯಾಗಳು ಸಾಮಾನ್ಯವಾಗಿ ಜೋಡಿಯಾಗಿ ಬದುಕುವವು. ಲಾಂಜಿಪಿನ್ನಿಸ್ ಎಂಬ ಜಾತಿಯನ್ನು ಜಪಾನಿನ ಸಂಶೋಧಕರು ಗಮನಿಸಿದಾಗ ಕಂಡದ್ದು ಸೊಗಸಾಗಿದೆ: ಮೊಟ್ಟೆಯಿರುವ ಬಿಲದ ಮೇಲೆ ಹವಳದ ಚೂರು ಪೇರಿಸಿ ಗುಡ್ಡೆ ಕಟ್ಟುತ್ತವೆ, ಆ ಗುಡ್ಡೆಯಿಂದಾಗಿ ಬಿಲದೊಳಗೆ ಹೊಸ ನೀರು ಆಡುತ್ತದೆ. ಇಂಥ ಜೀವಿಯನ್ನು ಒಂಟಿಯಾಗಿ ಇಡುವುದಕ್ಕಿಂತ, ಅಂಗಡಿಯಲ್ಲಿ ಒಟ್ಟಿಗೇ ಓಡಾಡಿಕೊಂಡಿರುವ ಜೋಡಿ ಸಿಕ್ಕರೆ ಅದನ್ನೇ ತರುವುದು ಮೇಲು. ಜೊತೆಯಾಗದ ಎರಡನ್ನು ಬಿಟ್ಟರೆ ಕಾದಾಡುತ್ತವೆ.

ಬಿಲ ತೋಡುವ ಮೀನಾದ್ದರಿಂದ ಕಲ್ಲುಗಳನ್ನು ಮರಳಿನ ಮೇಲೆ ಕೂರಿಸಬಾರದು. ತೊಟ್ಟಿಯ ತಳಕ್ಕೇ ಊರಿ, ಆಮೇಲೆ ಸುತ್ತ ಮರಳು ಹಾಕಬೇಕು. ಮರಳು ನುಣ್ಣಗಿರಲಿ, ಚೂಪು ಹವಳದ ಪುಡಿ ಬಾಯಿ, ಕಿವಿರು ಎರಡನ್ನೂ ಗೀರುತ್ತದೆ. ಬೆದರಿದರೆ ನೆಗೆದು ನೆಲಕ್ಕೆ ಬೀಳುವ ಮೀನಿದು, ಮೇಲೆ ಬಲೆ ಇರಲೇಬೇಕು.

ತೊಟ್ಟಿಗೆ ಹವಳ ಹೊಂದಿಸುವವರು ನಮ್ಮ ದೇಶದಲ್ಲಿ ಇನ್ನೊಂದು ಮಾತು ನೆನಪಿಡಬೇಕು. ಬಂಡೆ ಕಟ್ಟುವ ಹವಳಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಅನುಸೂಚಿಯಲ್ಲಿವೆ. ನೇತ್ರಾಣಿಯಿಂದಾಗಲಿ ಲಕ್ಷದ್ವೀಪದಿಂದಾಗಲಿ ಒಂದು ತುಂಡು ಕಿತ್ತು ತಂದರೂ ಅಪರಾಧ. ಕೃತಕ ಕಲ್ಲಿನ ತೊಟ್ಟಿಯಲ್ಲೂ ಗೋಬಿ ಸುಖವಾಗಿರುತ್ತದೆ, ಹೊಟ್ಟೆ ತುಂಬಿದರೆ.

ಅಂಗಡಿಯಲ್ಲಿ ಮೀನು ಆರಿಸುವಾಗ ಬಣ್ಣ ಆಮೇಲೆ ನೋಡಿ, ಮೊದಲು ಹೊಟ್ಟೆ ನೋಡಿ. ಒಳಕ್ಕೆ ಕುಸಿದಿದ್ದರೆ ಬಿಟ್ಟುಬಿಡಿ. ದುಂಡಗಿದ್ದರೆ ನಿಮ್ಮೆದುರೇ ಮೈಸಿಸ್ ಸೀಗಡಿ ಹಾಕಲು ಹೇಳಿ, ತಿಂದರೆ ತನ್ನಿ. ಮನೆಯಲ್ಲಿ ದಿನಕ್ಕೆ ಎರಡು ಮೂರು ಬಾರಿ ಅದೇ ಮೈಸಿಸ್ಸನ್ನು ಮರಳಿನ ಹತ್ತಿರವೇ ಬಿಡಿ.