ಕನ್ನಡ ಹಾಡಿನ ಹಿಂದೆ ಗಿಟಾರ್ ಹಿಡಿದು ಕೂತಿದ್ದ ಇಳಯರಾಜ

ಧರ್ಮಪುರಿ: ಪೆನ್ನಾಗರಂ, ಹೊಗೇನಕಲ್ ಕಡೆಯವರಿಗೂ ಮೇಟೂರು, ಕೊಳತ್ತೂರು ಕಡೆಯವರಿಗೂ ಒಂದು ಅನುಕೂಲ ಇದೆ. ಮನೆಯಲ್ಲಿ ಕನ್ನಡ, ಅಂಗಡಿಯಲ್ಲಿ ತಮಿಳು. ರೇಡಿಯೋ ಮುಳ್ಳು ಸ್ವಲ್ಪ ಆ ಕಡೆ ತಿರುಗಿಸಿದರೆ ಬೆಂಗಳೂರು, ಈ ಕಡೆ ತಿರುಗಿಸಿದರೆ ತಿರುಚಿ. ನಾವು ಚಿಕ್ಕವರಿದ್ದಾಗ ಬೆಳಿಗ್ಗೆ ರಾಜಕುಮಾರ್ ಹಾಡು ಕೇಳಿ, ಸಂಜೆ ಇಳಯರಾಜ ಹಾಡು ಕೇಳುತ್ತಿದ್ದೆವು. ಒಂದು ಆ ಸೀಮೆಯದು, ಇನ್ನೊಂದು ಈ ಸೀಮೆಯದು ಎಂದೇ ತಿಳಿದಿದ್ದೆವು. ಈ ಎರಡರ ನಡುವೆ ಒಂದು ನಂಟು ಇತ್ತು ಎಂಬುದು ಎಷ್ಟೋ ವರ್ಷದ ಮೇಲೆ ಗೊತ್ತಾಯಿತು. ಆ ನಂಟಿನ ಹೆಸರು ಜಿ.ಕೆ. ವೆಂಕಟೇಶ್.

ಮೊದಲು ಒಂದು ಮಾತು ತಿಳಿದಿರಬೇಕು. 1970ರ ದಶಕದವರೆಗೂ ಕನ್ನಡ ಚಿತ್ರಗಳ ಬಹುಪಾಲು ಕೆಲಸ ನಡೆಯುತ್ತಿದ್ದುದು ಮದರಾಸಿನಲ್ಲಿ. ಅದಕ್ಕೂ ಮುಂಚೆ ನಮ್ಮ ಸೇಲಂನಲ್ಲೇ, ಏರ್ಕಾಡು ರಸ್ತೆಯಲ್ಲಿ, ಟಿ.ಆರ್. ಸುಂದರಂ ಅವರು 1935ರಲ್ಲಿ ಕಟ್ಟಿದ ಮಾಡರ್ನ್ ಥಿಯೇಟರ್ಸ್ ಇತ್ತು. ನೂರಕ್ಕೂ ಹೆಚ್ಚು ಚಿತ್ರ ಅಲ್ಲಿ ತಯಾರಾದವು. ಆದರೆ ವಾದ್ಯಗಾರರು, ಧ್ವನಿಮುದ್ರಣ ಮಂದಿರಗಳು, ಗಾಯಕರು ಎಲ್ಲ ಹೆಚ್ಚಾಗಿ ಇದ್ದುದು ಮದರಾಸಿನಲ್ಲೇ. ಹಾಗಾಗಿ ಕನ್ನಡ ಹಾಡಿಗೆ ಪಿಟೀಲು ನುಡಿಸಿದವರು ತಮಿಳರಿರಬಹುದು, ಕೊಳಲು ಊದಿದವರು ತೆಲುಗರಿರಬಹುದು, ತಾಳ ಹಾಕಿದವರು ಮಲಯಾಳಿ ಇರಬಹುದು. ಬೆಳಿಗ್ಗೆ ಒಂದು ಭಾಷೆ, ಮಧ್ಯಾಹ್ನ ಇನ್ನೊಂದು ಭಾಷೆ. ಅವರಿಗೆ ಮುಂದೆ ಇಟ್ಟ ಸ್ವರದ ಹಾಳೆಯೇ ಭಾಷೆ.

ಜಿ.ಕೆ. ವೆಂಕಟೇಶ್ ಹುಟ್ಟಿದ್ದು 1927ರಲ್ಲಿ ಹೈದರಾಬಾದಿನಲ್ಲಿ. ಮನೆಮಾತು ತೆಲುಗು, ಕೈಗೆ ಒಲಿದದ್ದು ವೀಣೆ, ಕೆಲಸ ಕಲಿತದ್ದು ಮದರಾಸಿನಲ್ಲಿ, ಹೆಸರು ಬಂದದ್ದು ಕನ್ನಡದಲ್ಲಿ. 'ಸಂಧ್ಯಾರಾಗ' (1966), 'ಕಸ್ತೂರಿ ನಿವಾಸ' (1971), 'ಬಂಗಾರದ ಮನುಷ್ಯ' (1972), 'ಭೂತಯ್ಯನ ಮಗ ಅಯ್ಯು' (1974), 'ಮಯೂರ' (1975) - ಇವೆಲ್ಲ ಅವರ ಸಂಗೀತ. 'ಸಂಪತ್ತಿಗೆ ಸವಾಲ್' (1974) ಚಿತ್ರದಲ್ಲಿ ರಾಜಕುಮಾರ್ ಅವರಿಂದ ಹಾಡಿಸಿ, ಮುಂದೆ ಅವರೇ ತಮ್ಮ ಹಾಡು ಹಾಡಿಕೊಳ್ಳುವಂತೆ ಆದದ್ದೂ ಇವರಿಂದಲೇ. 'ಸನಾದಿ ಅಪ್ಪಣ್ಣ' (1977) ಚಿತ್ರಕ್ಕೆ ಉಸ್ತಾದ್ ಬಿಸ್ಮಿಲ್ಲಾ ಖಾನ್ ಅವರೇ ಶಹನಾಯಿ ನುಡಿಸಿದರು. ವಾದ್ಯದ ಬೆಲೆ ಬಲ್ಲ ಸಂಗೀತ ನಿರ್ದೇಶಕ ಎನ್ನಲು ಇನ್ನೇನು ಬೇಕು?

ಇನ್ನು ಇಳಯರಾಜ. ಈಗಿನ ತೇಣಿ ಜಿಲ್ಲೆಯ ಪಣ್ಣೈಪುರಂನಲ್ಲಿ 1943ರಲ್ಲಿ ಜನನ. ದಲಿತ ಕುಟುಂಬ, ಬಡತನ, ಶಾಲೆ ಅರ್ಧಕ್ಕೇ ನಿಂತಿತು. ಅಣ್ಣ ಪಾವಲರ್ ವರದರಾಜನ್ ಕಮ್ಯುನಿಸ್ಟ್ ಪಕ್ಷದ ಸಭೆಗಳಲ್ಲಿ ಹಾಡುತ್ತಿದ್ದರು. ಹುಡುಗ ಹದಿನಾಲ್ಕನೇ ವಯಸ್ಸಿಗೆ ಅಣ್ಣನ ತಂಡ ಸೇರಿ, ಹಾರ್ಮೋನಿಯಂ ಹಿಡಿದು ಊರೂರು ಸುತ್ತಿದ. 1960ರ ದಶಕದ ಕೊನೆಯಲ್ಲಿ ಸಹೋದರರ ಜೊತೆ ಮದರಾಸಿಗೆ ಬಂದು ಧನರಾಜ್ ಮಾಸ್ಟರ್ ಹತ್ತಿರ ಪಾಶ್ಚಾತ್ಯ ಸಂಗೀತ ಕಲಿಯತೊಡಗಿದ. ಐದು ಗೆರೆಯ ಮೇಲೆ ಸ್ವರ ಬರೆಯುವ ವಿದ್ಯೆ ಕೈಗೆ ಬಂದದ್ದು ಅಲ್ಲಿ. ಸ್ಪೇನ್ ದೇಶದಲ್ಲಿ ಇಂದಿನ ರೂಪ ಪಡೆದ ಗಿಟಾರ್ ವಾದ್ಯವನ್ನು ಕಲಿತು, ಲಂಡನ್ನಿನ ಟ್ರಿನಿಟಿ ಕಾಲೇಜಿನ ಪರೀಕ್ಷೆಯಲ್ಲಿ ಚಿನ್ನದ ಪದಕ ಪಡೆದರು.

ಹೊಟ್ಟೆಪಾಡಿಗೆ ಮಾತ್ರ ದಿನಗೂಲಿ ವಾದ್ಯಗಾರರ ಕೆಲಸವೇ ಗತಿ. ಕರೆದ ಕಡೆ ಹೋಗಿ ಗಿಟಾರ್ ಅಥವಾ ಕೀಬೋರ್ಡ್ ನುಡಿಸಿ ಬರುವುದು. ಹೀಗೆ ನುಡಿಸುತ್ತಿದ್ದವರನ್ನು ವೆಂಕಟೇಶ್ ತಮ್ಮ ಸಹಾಯಕರನ್ನಾಗಿ ಮಾಡಿಕೊಂಡರು. ಅವರ ಬಳಿ ಇಳಯರಾಜ ಕೆಲಸ ಮಾಡಿದ ಚಿತ್ರಗಳು ಸುಮಾರು 200, ಅದರಲ್ಲೂ ಕನ್ನಡದವೇ ಹೆಚ್ಚು ಎಂದು ಹೇಳಲಾಗುತ್ತದೆ.

ಸಹಾಯಕನ ಕೆಲಸ ಎಂದರೆ ಏನು? ಸಂಗೀತ ನಿರ್ದೇಶಕರು ಹಾರ್ಮೋನಿಯಂ ಮುಂದೆ ಕೂತು ರಾಗ ಹಾಕುತ್ತಾರೆ. ಅದು ಹಾಡಿನ ಬೆನ್ನೆಲುಬು ಮಾತ್ರ. ಪಲ್ಲವಿ ಮುಗಿದು ಚರಣ ಶುರುವಾಗುವ ಮುಂಚೆ ಯಾವ ವಾದ್ಯ ಬರಬೇಕು, ಹತ್ತು ಪಿಟೀಲು ಒಟ್ಟಿಗೆ ಏನು ನುಡಿಸಬೇಕು, ಕೊಳಲು ಎಲ್ಲಿ ನಿಲ್ಲಬೇಕು - ಇದನ್ನೆಲ್ಲ ಒಬ್ಬೊಬ್ಬರಿಗೂ ಬೇರೆ ಬೇರೆ ಹಾಳೆಯಲ್ಲಿ ಬರೆದು ಕೊಟ್ಟು, ಎದುರು ನಿಂತು ನುಡಿಸಿಸಬೇಕು. ಆಗ ಈಗಿನ ಹಾಗೆ ಒಂದೊಂದನ್ನೇ ಮುದ್ರಿಸಿ ಕಂಪ್ಯೂಟರಿನಲ್ಲಿ ಅಂಟಿಸುವ ಅನುಕೂಲ ಇರಲಿಲ್ಲ. ಗಾಯಕರು, ವಾದ್ಯಗಾರರು ಎಲ್ಲ ಒಟ್ಟಿಗೇ ಕೂರಬೇಕು. ಒಬ್ಬರು ತಪ್ಪಿದರೆ ಎಲ್ಲರೂ ಮೊದಲಿಂದ ಮತ್ತೆ. ಅಂಥ ಕಡೆ ವರ್ಷಗಟ್ಟಲೆ ಪಳಗಿದವನ ಕೈ ಎಷ್ಟು ಗಟ್ಟಿಯಾಗುತ್ತದೆ ಎಂದು ಯೋಚಿಸಿ ನೋಡಿ.

1976ರಲ್ಲಿ 'ಅನ್ನಕ್ಕಿಳಿ' ಬಂತು. ಪಂಚು ಅರುಣಾಚಲಂ ಕೊಟ್ಟ ಆ ಅವಕಾಶದಿಂದ ಇಳಯರಾಜ ಹೆಸರು ಮನೆಮಾತಾಯಿತು. ಹೊಲದ ಕೆಲಸದ ಹಾಡಿನ ಧಾಟಿಗೆ ಪಾಶ್ಚಾತ್ಯ ವಾದ್ಯಗಳ ಮೇಳ ಸೇರಿದ್ದನ್ನು ಜನ ಮೊದಲ ಸಲ ಕೇಳಿದರು. ಅದು ಒಂದೇ ದಿನದಲ್ಲಿ ಬಂದ ವಿದ್ಯೆಯಲ್ಲ. ಬೇರೆಯವರ ಹಾಡಿಗೆ ದುಡಿದು ದುಡಿದು ಬಂದದ್ದು.

ಗೆದ್ದ ಮೇಲೆ ಕನ್ನಡ ಬಿಡಲಿಲ್ಲ. 1978ರಲ್ಲೇ 'ಮಾತು ತಪ್ಪದ ಮಗ', ನಂತರ ಶಂಕರ್‌ನಾಗ್ ಅವರ 'ಜನ್ಮ ಜನ್ಮದ ಅನುಬಂಧ' (1980), 'ಗೀತಾ' (1981). ಮಣಿರತ್ನಂ ಅವರ ಮೊದಲ ಚಿತ್ರ 'ಪಲ್ಲವಿ ಅನುಪಲ್ಲವಿ' (1983) ಕನ್ನಡದ್ದು ಎಂಬುದು ತಮಿಳು ಗೆಳೆಯರಿಗೆ ಹೇಳಿದರೆ ಇವತ್ತಿಗೂ ನಂಬುವುದಿಲ್ಲ! ಅದರಲ್ಲಿ ಬರುವ, ಮಾತಿಲ್ಲದ ಒಂದು ಸಣ್ಣ ವಾದ್ಯದ ತುಣುಕು ಮುಂದೆ ಐಡಿಯಾ ಮೊಬೈಲ್ ಕಂಪನಿಯ ಜಾಹೀರಾತಿನಿಂದ ದೇಶಕ್ಕೆಲ್ಲ ಗೊತ್ತಾಯಿತು. ಅದು ಕನ್ನಡ ಚಿತ್ರದ ಸ್ವರ ಎಂದು ಎಷ್ಟು ಮಂದಿಗೆ ಗೊತ್ತಿತ್ತು?

ಸಿನಿಮಾ ಬಿಟ್ಟು, ಬರೀ ವಾದ್ಯಗಳಿಗೆಂದೇ ಎರಡು ಆಲ್ಬಂ ಕೂಡ ಬಂದವು. 'ಹೌ ಟು ನೇಮ್ ಇಟ್' (1986) ತ್ಯಾಗರಾಜರಿಗೂ ಜರ್ಮನಿಯ ಬಾಕ್‌ಗೂ ಸಲ್ಲಿಸಿದ ನಮನ. ಅದರಲ್ಲಿ ಮುಖ್ಯ ಪಿಟೀಲು ವಿ.ಎಸ್. ನರಸಿಂಹನ್ ಅವರದು. 'ನಥಿಂಗ್ ಬಟ್ ವಿಂಡ್' (1988) ನಲ್ಲಿ ಹರಿಪ್ರಸಾದ್ ಚೌರಾಸಿಯಾ ಕೊಳಲು. ನಂತರದ ಕಥೆ ಎಲ್ಲರಿಗೂ ಗೊತ್ತಿರುವುದೇ: ಸಾವಿರಕ್ಕೂ ಹೆಚ್ಚು ಚಿತ್ರ, 2010ರಲ್ಲಿ ಪದ್ಮಭೂಷಣ, 2018ರಲ್ಲಿ ಪದ್ಮವಿಭೂಷಣ, 2022ರಲ್ಲಿ ರಾಜ್ಯಸಭೆಗೆ ನಾಮಕರಣ. 2025ರ ಮಾರ್ಚ್ 8ರಂದು ಲಂಡನ್ನಿನಲ್ಲಿ ತಾವು ಬರೆದ ಸಿಂಫೊನಿಯನ್ನು ಅಲ್ಲಿನ ವಾದ್ಯಗಾರರಿಂದ ನುಡಿಸಿದಾಗ ವಯಸ್ಸು 81.

ಗುರುವಿನಂತಿದ್ದ ವೆಂಕಟೇಶ್ 1993ರಲ್ಲಿ ತೀರಿಕೊಂಡರು. ತಮಿಳುನಾಡಿನಲ್ಲಿ ಅವರ ಹೆಸರು ಇಂದು ಹೆಚ್ಚು ಮಂದಿಗೆ ತಿಳಿಯದು. ಕರ್ನಾಟಕದಲ್ಲಿ ಅವರ ಹಾಡು ಗೊತ್ತು, ಅದರ ಹಿಂದೆ ಗಿಟಾರ್ ಹಿಡಿದು ಕೂತಿದ್ದ ಹುಡುಗನ ಕಥೆ ಎಲ್ಲರಿಗೂ ಗೊತ್ತಿಲ್ಲ. ಕಾರಣ ಸರಳ. ಆಗಿನ ಗ್ರಾಮಫೋನ್ ತಟ್ಟೆಯ ಮೇಲೆ ಗಾಯಕರ ಹೆಸರು, ಬರೆದವರ ಹೆಸರು, ಸಂಗೀತ ನಿರ್ದೇಶಕರ ಹೆಸರು ಇರುತ್ತಿತ್ತು. ನುಡಿಸಿದವರ ಹೆಸರು ಸಾಮಾನ್ಯವಾಗಿ ಇರುತ್ತಿರಲಿಲ್ಲ. ಇಳಯರಾಜ ಮೇಲೆ ಬಂದರು, ಆದ್ದರಿಂದ ತಿಳಿಯಿತು. ಬಾರದವರು ಎಷ್ಟು ಮಂದಿಯೋ?

1991ರ ಡಿಸೆಂಬರಿನಲ್ಲಿ ಕಾವೇರಿ ಗಲಾಟೆ ಆದಾಗ ಗಡಿ ದಾಟುವ ಬಸ್ಸುಗಳು ನಿಂತವು. ನಮ್ಮ ಊರುಗಳಲ್ಲಿ ಯಾವ ಭಾಷೆಯಲ್ಲಿ ಗಟ್ಟಿಯಾಗಿ ಮಾತಾಡಬೇಕು ಎಂದು ಯೋಚಿಸಬೇಕಾದ ದಿನಗಳವು. ನಮ್ಮ ನೆಂಟರು ಹೊಳೆಯ ಆಚೆ, ನಾವು ಈಚೆ. ಆ ವಾರ ಮನೆಯಲ್ಲಿ ರೇಡಿಯೋ ಸಣ್ಣ ದನಿಯಲ್ಲಿ ಹಾಕಿಕೊಂಡು ಕೇಳಿದ್ದು ನನಗೆ ನೆನಪಿದೆ. ಕನ್ನಡ ಹಾಡೇ ಬರುತ್ತಿತ್ತು. ಅದನ್ನು ನುಡಿಸಿದವರಲ್ಲಿ ಅರ್ಧ ಮಂದಿ ತಮಿಳರೇ ಇದ್ದಿರಬಹುದು ಎಂದು ಆಗ ಯಾರಾದರೂ ಹೇಳಿದ್ದರೆ ಎಷ್ಟು ಸಮಾಧಾನ ಆಗುತ್ತಿತ್ತೋ ಏನೋ.

ಕೊನೆಗೆ ನಮ್ಮ ಹುಡುಗರಿಗೆ ಒಂದು ಮಾತು. ಹಬ್ಬ, ಮದುವೆ ಬಂದರೆ ನಮ್ಮ ಊರುಗಳಲ್ಲಿ ಆರ್ಕೆಸ್ಟ್ರಾ ತಂಡಗಳಿಗೆ ಬಿಡುವಿಲ್ಲ. ಎರಡು ಭಾಷೆಯ ಹಾಡೂ ನುಡಿಸಬಲ್ಲ ಹುಡುಗರು ನಮ್ಮಲ್ಲಿ ಇದ್ದಾರೆ. ಕೇಳಿ ನುಡಿಸುವುದರ ಜೊತೆಗೆ ಸ್ವರ ಬರೆಯುವುದನ್ನೂ ಕಲಿಯಲಿ. ಪಣ್ಣೈಪುರಂ ಹುಡುಗನನ್ನು ಮೇಲಕ್ಕೆ ತಂದದ್ದು ಆ ಹಾಳೆಗಳೇ. ಹಾಗೆಯೇ ಮುಂದಿನ ಸಲ ತಂಡದವರು ಬ್ಯಾನರು ಅಚ್ಚು ಹಾಕಿಸುವಾಗ ಗಾಯಕರ ಹೆಸರಿನ ಕೆಳಗೆ ಕೀಬೋರ್ಡ್, ತಬಲಾ, ಗಿಟಾರ್ ನುಡಿಸುವವರ ಹೆಸರನ್ನೂ ಹಾಕಿಸಲಿ. ಖರ್ಚು ಹೆಚ್ಚೇನೂ ಆಗುವುದಿಲ್ಲ.