ಹಾಲು ಕರೆಯುವ ಯಂತ್ರಗಳ ಶುಚಿತ್ವಕ್ಕೆ ಎಲ್‌ಪಿಜಿ ಜಲತಾಪಕ: ಆಯ್ಕೆ ಮತ್ತು ಸುರಕ್ಷಿತ ಅಳವಡಿಕೆ

ಹಾಲು ಕರೆಯುವ ಯಂತ್ರವನ್ನು ಬಳಸುವ ಹೈನುಗಾರರ ಸಂಖ್ಯೆ ಹೆಚ್ಚುತ್ತಿದೆ. ಯಂತ್ರದಿಂದ ಶ್ರಮ ಉಳಿಯುತ್ತದೆ ನಿಜ. ಆದರೆ ಅದನ್ನು ಪ್ರತಿ ಹೊತ್ತೂ ಬಿಸಿನೀರಿನಿಂದ ತೊಳೆಯದಿದ್ದರೆ ಲೈನರ್, ಕೊಳವೆ ಮತ್ತು ಕ್ಯಾನುಗಳಲ್ಲಿ ಉಳಿದ ಹಾಲಿನ ಅಂಶವೇ ಸೂಕ್ಷ್ಮಾಣುಗಳ ನೆಲೆಯಾಗುತ್ತದೆ. ಅದರಿಂದ ಹಾಲು ಬೇಗ ಹುಳಿಯುತ್ತದೆ, ಸಂಘದಲ್ಲಿ ತಿರಸ್ಕೃತವಾಗುವ ಸಂಭವವೂ ಇರುತ್ತದೆ. ಸೌದೆಯ ಒಲೆ ಅಥವಾ ವಿದ್ಯುತ್ತನ್ನು ನೆಚ್ಚಿಕೊಳ್ಳಲಾಗದೆ ಅನೇಕ ರೈತರು ಗ್ಯಾಸ್ ಗೀಸರ್‌ನತ್ತ ಹೊರಳುತ್ತಿದ್ದಾರೆ. ಇಂತಹ ಸಾಧನವನ್ನು ಆರಿಸುವಾಗ ಬೆಲೆಗಿಂತ ಮುಖ್ಯವಾದ ಎರಡು ಅಂಶಗಳಿವೆ: ನಮಗೆ ಬೇಕಾದ ಶಾಖದ ಪ್ರಮಾಣ ಮತ್ತು ಉರಿಗೆ ಬೇಕಾದ ಗಾಳಿ.

ಎಷ್ಟು ಬಿಸಿಯಾದ ನೀರು ಬೇಕು?

ಹಾಲಿನ ಕೊಬ್ಬು ತಣ್ಣೀರಿನಲ್ಲಿ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಮೊದಲೇ ಅತಿ ಬಿಸಿನೀರು ಹಾಕಿದರೆ ಹಾಲಿನ ಸಸಾರಜನಕ ಬೆಂದು ಪದರವಾಗಿ ಕೂರುತ್ತದೆ. ಆದ್ದರಿಂದ ಕ್ರಮ ಹೀಗಿರಲಿ:

1. ಹಾಲು ಕರೆದ ಕೂಡಲೇ 35 ರಿಂದ 40 ಡಿಗ್ರಿ ಸೆಲ್ಸಿಯಸ್‌ನ ಉಗುರುಬೆಚ್ಚಗಿನ ನೀರಿನಿಂದ ಜಾಲಿಸುವುದು.
2. ಶಿಫಾರಸು ಮಾಡಿದ ಪ್ರಮಾಣದ ಕ್ಷಾರಯುಕ್ತ ಮಾರ್ಜಕವನ್ನು 70 ರಿಂದ 75 ಡಿಗ್ರಿಯ ನೀರಿನಲ್ಲಿ ಬೆರೆಸಿ ತೊಳೆಯುವುದು. ತೊಳೆದು ಮುಗಿಯುವಾಗ ನೀರು 45 ಡಿಗ್ರಿಗಿಂತ ಕೆಳಗಿಳಿಯಬಾರದು.
3. ಶುದ್ಧ ನೀರಿನಿಂದ ಜಾಲಿಸಿ, ಭಾಗಗಳನ್ನು ಬೋರಲಾಗಿಟ್ಟು ಒಣಗಿಸುವುದು.

ಶಾಖದ ಲೆಕ್ಕ

ಒಂದು ಲೀಟರ್ ನೀರನ್ನು ಒಂದು ಡಿಗ್ರಿ ಏರಿಸಲು ಒಂದು ಕಿಲೋಕ್ಯಾಲರಿ ಶಾಖ ಬೇಕು. ಸಣ್ಣ ಘಟಕವೊಂದರಲ್ಲಿ ಪ್ರತಿ ಹೊತ್ತಿಗೆ 20 ಲೀಟರ್ ಉಗುರುಬೆಚ್ಚಗಿನ ನೀರು ಮತ್ತು 40 ಲೀಟರ್ ಬಿಸಿನೀರು ಬೇಕೆಂದು ಭಾವಿಸೋಣ. ತೊಟ್ಟಿಯ ನೀರು 25 ಡಿಗ್ರಿ ಇದ್ದರೆ:

• 20 ಲೀಟರ್ ನೀರನ್ನು 40 ಡಿಗ್ರಿಗೆ ಏರಿಸಲು 20 × 15 = 300 ಕಿಲೋಕ್ಯಾಲರಿ
• 40 ಲೀಟರ್ ನೀರನ್ನು 75 ಡಿಗ್ರಿಗೆ ಏರಿಸಲು 40 × 50 = 2,000 ಕಿಲೋಕ್ಯಾಲರಿ
• ಒಟ್ಟು ಹೊತ್ತಿಗೆ 2,300. ದಿನಕ್ಕೆ ಎರಡು ಹೊತ್ತಿಗೆ 4,600 ಕಿಲೋಕ್ಯಾಲರಿ

ಒಂದು ಕಿಲೋಗ್ರಾಂ ಎಲ್‌ಪಿಜಿ ಉರಿದಾಗ ಸುಮಾರು 11,000 ಕಿಲೋಕ್ಯಾಲರಿ ಶಾಖ ದೊರೆಯುತ್ತದೆ. ಸಾಧನದ ದಕ್ಷತೆ ಶೇ. 80 ಎಂದು ಹಿಡಿದರೆ ದಿನಕ್ಕೆ ಅರ್ಧ ಕಿಲೋಗ್ರಾಂಗಿಂತ ತುಸು ಹೆಚ್ಚು ಅನಿಲ ಖರ್ಚಾಗುತ್ತದೆ. 19 ಕಿಲೋಗ್ರಾಂನ ವಾಣಿಜ್ಯ ಸಿಲಿಂಡರ್ ಸುಮಾರು 36 ದಿನ ಬರುತ್ತದೆ. ಚಳಿಗಾಲದಲ್ಲಿ ತೊಟ್ಟಿಯ ನೀರು ಇನ್ನೂ ತಣ್ಣಗಿರುವುದರಿಂದ ಬಳಕೆ ಹೆಚ್ಚುತ್ತದೆ. ಇದೇ ಕೆಲಸಕ್ಕೆ 3 ಕಿಲೋವಾಟ್‌ನ ವಿದ್ಯುತ್ ಹೀಟರ್ ಪ್ರತಿ ಹೊತ್ತಿಗೆ ಸುಮಾರು ಒಂದು ಗಂಟೆ ತೆಗೆದುಕೊಳ್ಳುತ್ತದೆ. ರೈತರು ತಮ್ಮ ಘಟಕದ ಅಳತೆ ಮತ್ತು ಸ್ಥಳೀಯ ದರಗಳನ್ನು ಹಾಕಿ ಹೋಲಿಸಿ ನೋಡಬೇಕು.

‘6 ಲೀಟರ್’ ಎಂಬುದರ ಅರ್ಥ

ಗ್ಯಾಸ್ ಗೀಸರ್‌ನ ಮೇಲೆ ನಿಮಿಷಕ್ಕೆ 6 ಲೀಟರ್ ಎಂದಿದ್ದರೆ ಸಾಮಾನ್ಯವಾಗಿ ಅದು ನೀರಿನ ಉಷ್ಣತೆಯನ್ನು 25 ಡಿಗ್ರಿ ಏರಿಸುವಾಗಿನ ಪ್ರಮಾಣ. ಅಂದರೆ ಸಾಧನ ನಿಮಿಷಕ್ಕೆ 150 ಕಿಲೋಕ್ಯಾಲರಿ ಶಾಖ ನೀಡುತ್ತದೆ. ನಮಗೆ ಬೇಕಾದ ಏರಿಕೆ 50 ಡಿಗ್ರಿ. ಆಗ ದೊರೆಯುವುದು ನಿಮಿಷಕ್ಕೆ 3 ಲೀಟರ್ ಮಾತ್ರ. ಮೇಲಿನ ಉದಾಹರಣೆಯ ನೀರನ್ನು ಕಾಯಿಸಲು ಸುಮಾರು 15 ನಿಮಿಷ ಸಾಕಾಗುವುದರಿಂದ ಸಣ್ಣ ಘಟಕಕ್ಕೆ ಈ ಸಾಮರ್ಥ್ಯ ತಕ್ಕುದೇ. ಆದರೆ ಖರೀದಿಗೆ ಮುನ್ನ ಈ ಕೆಳಗಿನವುಗಳನ್ನು ಕೇಳಿ ತಿಳಿಯಬೇಕು:

• ಗರಿಷ್ಠ ಉಷ್ಣತೆ: ಗೃಹಬಳಕೆಯ ಗೀಸರ್‌ಗಳು ಸ್ನಾನಕ್ಕೆಂದು ರೂಪಿಸಿದವು. ಕೆಲವು 75 ಡಿಗ್ರಿ ತಲುಪುವ ಮೊದಲೇ ತಾವಾಗಿ ಆರುತ್ತವೆ. ಆ ಸುರಕ್ಷತಾ ವ್ಯವಸ್ಥೆಯನ್ನು ಎಂದಿಗೂ ಕಿತ್ತುಹಾಕಬಾರದು. ಬೇಕಾದ ಉಷ್ಣತೆ ನೀಡುವ ಮಾದರಿಯನ್ನೇ ಆರಿಸಬೇಕು.
• ನೀರಿನ ಒತ್ತಡ: ತೊಟ್ಟಿ ಸಾಕಷ್ಟು ಎತ್ತರದಲ್ಲಿಲ್ಲದಿದ್ದರೆ ಗೀಸರ್ ಹೊತ್ತಿಕೊಳ್ಳುವುದಿಲ್ಲ. ತಯಾರಕರು ಸೂಚಿಸಿದ ಕನಿಷ್ಠ ಒತ್ತಡ ನಮ್ಮಲ್ಲಿದೆಯೇ ಎಂದು ನೋಡಬೇಕು.
• ಐಎಸ್‌ಐ ಗುರುತು ಮತ್ತು ಉರಿ ಆರಿದರೆ ಅನಿಲವನ್ನು ತಾನಾಗಿ ನಿಲ್ಲಿಸುವ ವ್ಯವಸ್ಥೆ ಇರಬೇಕು.

ಎಲ್‌ಪಿಜಿ ಗೀಸರ್‌ಗೆ ಗೋಬರ್ ಅನಿಲವನ್ನು ನೇರವಾಗಿ ಜೋಡಿಸಬಾರದು. ಎರಡಕ್ಕೂ ಬೇಕಾದ ಜೆಟ್‌ನ ಅಳತೆ ಬೇರೆ.

ಸ್ವತಃ ನಿರ್ಮಿಸುವವರಿಗೆ

ಗ್ಯಾಸ್ ಒಲೆಯ ಮೇಲೆ ಹಂಡೆ ಇಟ್ಟು, ಅದರ ಬುಡದ ಬಳಿ ನಲ್ಲಿ ಜೋಡಿಸಿಕೊಳ್ಳುವುದು ಸರಳ ವಿಧಾನ. ಗೀಸರ್‌ಗಿಂತ ದಕ್ಷತೆ ಕಡಿಮೆಯಾದರೂ ಬೇಕಾದಷ್ಟು ಬಿಸಿ ಪಡೆಯಬಹುದು. ಮುಚ್ಚಳ ಸಡಿಲವಾಗಿರಬೇಕು, ಆವಿ ಹೊರಹೋಗಲು ದಾರಿಯಿರಬೇಕು. ಬಿಗಿಯಾಗಿ ಮುಚ್ಚಿದ ಡ್ರಮ್ಮಿನಲ್ಲಿ ಅಥವಾ ಎರಡೂ ತುದಿಗೆ ವಾಲ್ವ್ ಇರುವ ತಾಮ್ರದ ಸುರುಳಿಯಲ್ಲಿ ನೀರು ಕಾಯಿಸುವುದು ಸ್ಫೋಟಕ್ಕೆ ಆಹ್ವಾನ; ನೀರು ಆವಿಯಾದಾಗ ಅದರ ಗಾತ್ರ ಸಾವಿರದ ಆರುನೂರು ಪಟ್ಟಿಗೂ ಮಿಗಿಲಾಗಿ ಹಿಗ್ಗುತ್ತದೆ.

ಗಾಳಿ: ಪ್ರಾಣದ ಪ್ರಶ್ನೆ

ಒಂದು ಕಿಲೋಗ್ರಾಂ ಎಲ್‌ಪಿಜಿ ಪೂರ್ಣವಾಗಿ ಉರಿಯಲು ಸುಮಾರು 12 ಘನ ಮೀಟರ್ ಗಾಳಿ ಬೇಕು. 6 ಲೀಟರ್ ಗೀಸರ್ ಗಂಟೆಗೆ ಸುಮಾರು ಒಂದು ಕಿಲೋಗ್ರಾಂ ಅನಿಲ ಬಳಸುತ್ತದೆ. 2 ಮೀಟರ್ ಉದ್ದ, 2 ಮೀಟರ್ ಅಗಲ, ಎರಡೂವರೆ ಮೀಟರ್ ಎತ್ತರದ ಕೋಣೆಯಲ್ಲಿರುವ ಗಾಳಿಯೇ 10 ಘನ ಮೀಟರ್. ಬಾಗಿಲು ಮುಚ್ಚಿದ ಕೋಣೆಯಲ್ಲಿ ಗೀಸರ್ ಉರಿಸಿದರೆ, ಅಷ್ಟೂ ಗಾಳಿ ಮುಗಿಯುವ ಬಹಳ ಮೊದಲೇ ಉರಿ ಅಪೂರ್ಣವಾಗಿ ಕಾರ್ಬನ್ ಮಾನಾಕ್ಸೈಡ್ ಉಂಟಾಗುತ್ತದೆ. ಈ ವಿಷಾನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಇದು ರಕ್ತದ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ. ತಲೆನೋವು, ತಲೆಸುತ್ತು, ವಾಕರಿಕೆ ಇದರ ಲಕ್ಷಣಗಳು. ದಣಿವೆಂದು ಉಪೇಕ್ಷಿಸಿದವರು ಪ್ರಜ್ಞೆ ತಪ್ಪಬಹುದು, ಪ್ರಾಣವೂ ಹೋಗಬಹುದು.

ಆದಕಾರಣ ಸಾಧನವನ್ನು ಕೋಣೆಯ ಹೊರಗೋಡೆಗೆ, ಮಳೆ ಮತ್ತು ನೇರ ಗಾಳಿ ತಾಗದಂತೆ ಸೂರಿನಡಿ ಅಳವಡಿಸಿ, ನೀರನ್ನು ಮಾತ್ರ ಪೈಪಿನ ಮೂಲಕ ಒಳಗೆ ತರುವುದು ಉತ್ತಮ. ಉರಿಯ ಬಣ್ಣ ನೀಲಿಯಾಗಿರಬೇಕು; ಹಳದಿಗೆ ತಿರುಗಿದರೆ ಅಥವಾ ಮಸಿ ಕಂಡರೆ ಕೂಡಲೇ ಆರಿಸಿ ದುರಸ್ತಿ ಮಾಡಿಸಬೇಕು. ಯಾರಾದರೂ ಅಸ್ವಸ್ಥರಾದರೆ ಮೊದಲು ಅವರನ್ನು ತೆರೆದ ಗಾಳಿಗೆ ತಂದು, ತಡಮಾಡದೆ ಆಸ್ಪತ್ರೆಗೆ ಸಾಗಿಸಬೇಕು.

ಸಿಲಿಂಡರ್ ಮತ್ತು ನಿರ್ವಹಣೆ

• ಎಲ್‌ಪಿಜಿ ಗಾಳಿಗಿಂತ ಭಾರ. ಸೋರಿದ ಅನಿಲ ಚರಂಡಿ, ಗಂಜಲದ ಗುಂಡಿ ಮುಂತಾದ ತಗ್ಗುಗಳಲ್ಲಿ ನಿಲ್ಲುತ್ತದೆ. ಸಿಲಿಂಡರನ್ನು ಅವುಗಳಿಂದ ದೂರ, ಸಮತಟ್ಟಾದ ಜಾಗದಲ್ಲಿ ನೆಟ್ಟಗೆ ನಿಲ್ಲಿಸಬೇಕು. ಹುಲ್ಲಿನ ಮೆದೆಯೂ ಸಮೀಪ ಇರಬಾರದು.
• ಗೃಹಬಳಕೆಯ 14.2 ಕಿಲೋಗ್ರಾಂ ಸಿಲಿಂಡರನ್ನು ವಾಣಿಜ್ಯ ಉದ್ದೇಶಕ್ಕೆ ಬಳಸುವುದು ನಿಯಮಬಾಹಿರ.
• ಜೋಡಣೆಗಳಿಗೆ ಸಾಬೂನಿನ ನೊರೆ ಹಚ್ಚಿ ಸೋರಿಕೆ ಪರೀಕ್ಷಿಸಬೇಕು. ಬೆಂಕಿಕಡ್ಡಿ ಗೀರಿ ನೋಡಬಾರದು. ಅನಿಲದ ವಾಸನೆ ಬಂದರೆ ರೆಗ್ಯುಲೇಟರ್ ಮುಚ್ಚಿ, ವಿದ್ಯುತ್ ಸ್ವಿಚ್ ಮುಟ್ಟದೆ ಹೊರಬಂದು 1906ಕ್ಕೆ ಕರೆ ಮಾಡಬೇಕು.
• ಗಡಸು ನೀರಿರುವ ಕೊಳವೆಬಾವಿ ಪ್ರದೇಶಗಳಲ್ಲಿ ಗೀಸರ್‌ನ ಒಳಕೊಳವೆಗೆ ಸುಣ್ಣದ ಪದರ ಕಟ್ಟುತ್ತದೆ. ನೀರಿನ ಹರಿವು ಕುಗ್ಗಿದರೆ ಪರಿಣತರಿಂದ ಶುಚಿಗೊಳಿಸಬೇಕು.
• ಯಂತ್ರ ತೊಳೆಯುವ ಆಮ್ಲವನ್ನೂ ಕ್ಲೋರಿನ್‌ಯುಕ್ತ ದ್ರಾವಣವನ್ನೂ ಒಟ್ಟಿಗೆ ಬೆರೆಸಬಾರದು. ವಿಷಕಾರಿ ಕ್ಲೋರಿನ್ ಅನಿಲ ಹೊರಬರುತ್ತದೆ.

ವಿಸ್ತರಣಾ ಕಾರ್ಯಕರ್ತರು ಹೈನು ಘಟಕಗಳಿಗೆ ಭೇಟಿ ನೀಡಿದಾಗ ಗೀಸರ್ ಇರುವ ಜಾಗ, ಗಾಳಿಯ ದಾರಿ ಮತ್ತು ಉರಿಯ ಬಣ್ಣವನ್ನು ಕಡ್ಡಾಯವಾಗಿ ಪರಿಶೀಲಿಸಬೇಕು. ತೊಳೆಯುವ ನೀರಿನ ಉಷ್ಣತೆಯನ್ನು ಕೈಯಿಂದ ಅಂದಾಜಿಸದೆ ಉಷ್ಣಮಾಪಕದಿಂದ ಅಳೆಯುವ ರೂಢಿಯನ್ನು ರೈತರಲ್ಲಿ ಬೆಳೆಸಬೇಕು. ಹೆಚ್ಚಿನ ಮಾಹಿತಿಗಾಗಿ ಸಮೀಪದ ಕೃಷಿ ವಿಜ್ಞಾನ ಕೇಂದ್ರ ಅಥವಾ ಪಶುವೈದ್ಯಾಧಿಕಾರಿಗಳನ್ನು ಸಂಪರ್ಕಿಸಬಹುದು.